ನಿಯಮವನ್ನು ಮೀರಿದವರು

(ಶಾಲಾ ಸಾಹಿತ್ಯ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಶಾಲೆಯ ಗೋಡೆಗೆ ನಿಯಮಗಳ ಹಲಗೆಯನ್ನು ತೂಗಹಾಕಿಸಿದವರು ನಾವು. ಅಂತಹ ನಾವೇ ಇಂದು ನಿಯಮ ಮೀರಿದವರನ್ನು ಕುರಿತು, ಅದೂ ಮೆಚ್ಚುಗೆಯಿಂದ, ಮಾತನಾಡಲು ನಿಂತಿದ್ದೇವೆ. ವಿಷಯದ ಹೆಸರನ್ನು ಕೇಳಿದೊಡನೆ ಹಿಂದಿನ ಸಾಲಿನ ಹುಡುಗರ ಮುಖದಲ್ಲಿ ಮೂಡಿದ ಹರ್ಷವನ್ನು ನಾವು ಕಾಣದೆ ಇಲ್ಲ. ಅವರು ಸ್ವಲ್ಪ ತಾಳಿ ಕೊನೆಯವರೆಗೆ ಕೇಳಬೇಕೆಂದು ಕೋರುತ್ತೇವೆ.

ಈ ಕಾಸರಗೋಡು ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳನ್ನು ಕೇಳುತ್ತ ಬೆಳೆದವರು ನಾವು. ವಾಲಿವಧೆಯ ತಾಳಮದ್ದಳೆಯನ್ನು ನೆನಪಿಗೆ ತಂದುಕೊಳ್ಳಿರಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ತಾನು ಅವತಾರಪುರುಷನೆಂದು ಹೇಳಿ ರಾಮನು ಅಲ್ಲಿಂದ ನಡೆದುಬಿಡುವಂತಿಲ್ಲ. ನಿಂತು ಉತ್ತರ ಕೊಡಲೇಬೇಕು. ಆ ಉತ್ತರ ಸಾಕೇ, ಸಾಲದೇ ಎಂದು ಮುಂದೆ ಕುಳಿತ ಕೃಷಿಕನೂ ಅಂಗಡಿಯವನೂ ಮನೆಗೆ ಹೋಗುವ ದಾರಿಯುದ್ದಕ್ಕೂ ಚರ್ಚಿಸುತ್ತಾರೆ. ಯುದ್ಧದ ಕಟ್ಟಳೆಯನ್ನು ಮೀರಿದವನು ಯಾರ ಮೇಲೆ ಅದನ್ನು ಮೀರಿದನೋ ಅವನಿಗೇ ಉತ್ತರ ಹೇಳಬೇಕೆಂಬ ಈ ಸಂಪ್ರದಾಯ ನಮ್ಮ ಹಿರಿಯರ ವಿವೇಕಕ್ಕೆ ಸಾಕ್ಷಿಯಾಗಿದೆ.

ಈಗ ದೂರದ ಗ್ರೀಸಿಗೆ ಹೋಗೋಣ. ಸೋಫೊಕ್ಲೀಸ್ ಕವಿಯ ‘ಅಂತಿಗೊನೆ’ ಸುಮಾರು 2,400 ವರ್ಷಗಳಿಗೂ ಹಿಂದಿನ ನಾಟಕ. ಪಿ. ಲಂಕೇಶರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಥೀಬ್ಸ್ ನಗರದ ಇಬ್ಬರು ರಾಜಕುಮಾರರು ಪರಸ್ಪರ ಹೋರಾಡಿ ಮಡಿಯುತ್ತಾರೆ. ದೊರೆ ಕ್ರೆಯಾನನು ಒಬ್ಬನಿಗೆ ರಾಜಮರ್ಯಾದೆಯ ಸಂಸ್ಕಾರವನ್ನು ವಿಧಿಸಿ, ನಗರದ ಮೇಲೆ ದಂಡೆತ್ತಿ ಬಂದ ಇನ್ನೊಬ್ಬನ ಹೆಣವನ್ನು ನಾಯಿನರಿಗಳಿಗೆ ಬಿಡಬೇಕೆಂದೂ, ಅದನ್ನು ಮಣ್ಣುಮಾಡಿದವರಿಗೆ ಮರಣದಂಡನೆಯೆಂದೂ ಸಾರಿಸುತ್ತಾನೆ. ಸತ್ತವರ ತಂಗಿ ಅಂತಿಗೊನೆ ಆ ಆಜ್ಞೆಯನ್ನು ಮೀರಿ ಅಣ್ಣನ ದೇಹದ ಮೇಲೆ ಹಿಡಿ ಮಣ್ಣು ಚೆಲ್ಲುತ್ತಾಳೆ. ಇದನ್ನು ಗುಟ್ಟಾಗಿಡೋಣವೆಂದು ಸೋದರಿ ಇಸ್ಮೆನೆ ಹೇಳಿದರೆ, ಎಲ್ಲರಿಗೂ ಸಾರಿ ಹೇಳೆಂದು ಅವಳೇ ಸಿಡುಕುತ್ತಾಳೆ. ಹಿಡಿದು ತಂದಾಗ ಅಲ್ಲಗಳೆಯುವುದಿಲ್ಲ. ದೊರೆಯ ಆಜ್ಞೆಗಿಂತ ಹಳೆಯದಾದ, ಯಾರೂ ಬರೆದಿಡದ ಒಂದು ಕಟ್ಟಳೆ ಇದೆಯೆಂಬುದು ಅವಳ ವಾದ. ಅವಳು ಪ್ರಾಣವನ್ನೇ ತೆತ್ತಳು. ದೊರೆಗೆ ಬುದ್ಧಿ ಬಂದುದು ತಡವಾಗಿ; ಅವನು ಮಗನನ್ನೂ ಮಡದಿಯನ್ನೂ ಕಳೆದುಕೊಂಡನು.

ಇದಕ್ಕೆ ಸರಿದೂಗುವ ಪಾತ್ರವೊಂದು ನಮ್ಮ ಕನ್ನಡದಲ್ಲಿಯೇ ಇದೆ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿಯೂ ನಡುವೆ ಒಂದು ಹೆಣ ಮಲಗಿದೆ. ಆಚಾರವನ್ನೆಲ್ಲ ತೊರೆದಿದ್ದ ನಾರಣಪ್ಪ ಅಗ್ರಹಾರದಲ್ಲಿ ಸಾಯುತ್ತಾನೆ. ಅವನ ಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಯಲ್ಲಿ ಅಗ್ರಹಾರವೇ ಸಿಕ್ಕಿಬೀಳುತ್ತದೆ. ಅವನೊಡನೆ ಬಾಳಿದ ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಕಳಚಿ ಮುಂದಿಟ್ಟಾಗ, ಧರ್ಮಜಿಜ್ಞಾಸೆಯ ನಡುವೆ ಲೋಭ ತಲೆಹಾಕುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ, ಉತ್ತರ ದೊರೆಯುವುದಿಲ್ಲ. ಕಡೆಗೆ ಚಂದ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು, ರಾತ್ರಿಯ ಕತ್ತಲಲ್ಲಿ ದೇಹವನ್ನು ಗಾಡಿಯಲ್ಲಿ ಸಾಗಿಸಿ ಸುಟ್ಟು ತನ್ನ ದಾರಿ ಹಿಡಿಯುತ್ತಾಳೆ. ಶಾಸ್ತ್ರದ ಕಣ್ಣಿಗೆ ಅದು ಸಂಸ್ಕಾರವಾಗದಿರಬಹುದು. ಆದರೆ ಸತ್ತ ಮನುಷ್ಯನಿಗೆ ಸಲ್ಲಬೇಕಾದುದನ್ನು ಆ ಊರಿನಲ್ಲಿ ಸಲ್ಲಿಸಿದವರು ಅವರಿಬ್ಬರೇ.

ಮೂರನೆಯವನು ಹದಿಮೂರು ಹದಿನಾಲ್ಕರ ಬಾಲಕ. ಮಾರ್ಕ್ ಟ್ವೇನನ ಕಾದಂಬರಿಯ ಹಕಲ್‌ಬೆರಿ ಫಿನ್. ಅಮೆರಿಕದಲ್ಲಿ ಆ ಪುಸ್ತಕ ಹೊರಬಂದುದು 1885ರಲ್ಲಿ. ಗುಲಾಮಗಿರಿ ಅಲ್ಲಿ ಸಂವಿಧಾನದ ತಿದ್ದುಪಡಿಯಿಂದ ರದ್ದಾದುದು 1865ರಲ್ಲಿ. ಕಥೆಯ ಕಾಲ ಅದಕ್ಕಿಂತ ಹಿಂದಿನದು. ಓಡಿಹೋಗುತ್ತಿರುವ ಗುಲಾಮ ಜಿಮ್‌ನೊಡನೆ ಹಕ್ ತೆಪ್ಪದ ಮೇಲೆ ಮಿಸಿಸಿಪಿ ನದಿಯಲ್ಲಿ ಸಾಗುತ್ತಾನೆ. ಓಡಿಹೋದ ಗುಲಾಮನಿಗೆ ನೆರವಾಗುವುದು ಕಳವು, ಅದು ಪಾಪ ಎಂದು ಅವನಿಗೆ ಊರೆಲ್ಲ ಕಲಿಸಿದೆ. ಅದನ್ನು ಅವನು ನಂಬಿಯೂ ಇದ್ದಾನೆ. ಜಿಮ್ ಇರುವ ಎಡೆಯನ್ನು ತಿಳಿಸಿ ಅವನ ಒಡತಿಗೆ ಪತ್ರವನ್ನೂ ಬರೆಯುತ್ತಾನೆ. ಆಮೇಲೆ, ತಾನು ಮಲಗಿರಲೆಂದು ತನ್ನ ಸರದಿಯ ಕಾವಲನ್ನೂ ಜಿಮ್ ಕಾದುದು ನೆನಪಾಗುತ್ತದೆ. ನರಕ ಪ್ರಾಪ್ತವಾದರೂ ಆಗಲಿ ಎಂದು ಪತ್ರವನ್ನು ಹರಿದುಹಾಕುತ್ತಾನೆ. ತಾನು ಮಾಡುತ್ತಿರುವುದು ಒಳ್ಳೆಯದೆಂಬ ಸಮಾಧಾನವೂ ಅವನಿಗಿಲ್ಲ. ಕಲಿತ ಪಾಠವೇ ತಪ್ಪಾಗಿದ್ದಾಗ ಹೃದಯವೊಂದೇ ಸರಿದಾರಿಯನ್ನು ತೋರಿಸಿತು. ಉಪಾಧ್ಯಾಯರಾದ ನಾವು ಇದನ್ನು ಓದಿದಾಗಲೆಲ್ಲ ಕೊಂಚ ಅಳುಕುತ್ತೇವೆ.

ಕೊನೆಯದಾಗಿ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’. ರೊಟ್ಟಿ ಕದ್ದು ಸೆರೆಗೆ ಬಿದ್ದು, ತಪ್ಪಿಸಿಕೊಳ್ಳಲು ಯತ್ನಿಸಿದುದರಿಂದ ಶಿಕ್ಷೆ ಬೆಳೆದು, 19 ವರ್ಷ ಸವೆಸಿದ ಜೀನ್ ವಾಲ್ಜೀನನನ್ನು ನೀವು ಬಲ್ಲಿರಿ. ಆದರೆ ನಾವು ನೆನೆಯುವುದು ಸಿಂಪ್ಲಿಸ್ ಎಂಬ ಸಂನ್ಯಾಸಿನಿಯನ್ನು. ಆಕೆ ಬಾಳಿನಲ್ಲಿ ಎಂದೂ ಸುಳ್ಳಾಡಿದವಳಲ್ಲ. ವಾಲ್ಜೀನನು ಅದೇ ಕೋಣೆಯಲ್ಲಿ ಅಡಗಿರುವಾಗ ಪೊಲೀಸ್ ಅಧಿಕಾರಿ ಜಾವೇರ್ ಬಂದು ಕೇಳುತ್ತಾನೆ. ಆಕೆ ಒಂದರ ಮೇಲೊಂದರಂತೆ ಎರಡು ಸುಳ್ಳು ಹೇಳುತ್ತಾಳೆ. ಆಕೆಯ ಸತ್ಯದ ಖ್ಯಾತಿಯಿಂದಾಗಿ ಜಾವೇರ್ ತಲೆಬಾಗಿ ಹಿಂದಿರುಗುತ್ತಾನೆ. ಒಂದು ಆಯುಷ್ಯದ ಗಳಿಕೆಯನ್ನು ಆಕೆ ಪರರಿಗಾಗಿ ಒಂದು ಗಳಿಗೆಯಲ್ಲಿ ವೆಚ್ಚಮಾಡಿದಳು. ದಿನವೂ ಸುಳ್ಳಾಡುವವನಿಗೆ ಈ ದಾನ ಸಾಧ್ಯವಿಲ್ಲ. ಅವನ ಮಾತನ್ನು ಜಾವೇರ್ ನಂಬುತ್ತಲೇ ಇರಲಿಲ್ಲ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಗಮನಿಸಬೇಕು.

ಈ ನಾಲ್ವರಲ್ಲಿ ಯಾರೂ ನಿಯಮವನ್ನು ಮೀರಿ ತಮಗಾಗಿ ಲಾಭ ಪಡೆದವರಲ್ಲ. ಒಬ್ಬಳು ಪ್ರಾಣವನ್ನು, ಒಬ್ಬಳು ಚಿನ್ನವನ್ನು, ಒಬ್ಬನು ತನ್ನ ಪರಲೋಕವನ್ನು, ಒಬ್ಬಳು ಸತ್ಯವ್ರತವನ್ನು ಒತ್ತೆಯಿಟ್ಟರು. ಬಹಿರಂಗವಾಗಿ ಮೀರುವುದೇ ಮೇಲೆಂದು ಅಂತಿಗೊನೆಯನ್ನು ನೋಡಿ ಹೇಳಬಹುದಿತ್ತು. ಆದರೆ ಹಕ್ ನಿಜವನ್ನು ನುಡಿದಿದ್ದರೆ ಸಂಕೋಲೆ ಬೀಳುತ್ತಿದ್ದುದು ಜಿಮ್‌ನ ಕಾಲಿಗೆ. ಆದಕಾರಣ ಗುಟ್ಟೆಲ್ಲ ಹೇಡಿತನವಲ್ಲ. ಅದು ಯಾರನ್ನು ಕಾಯುತ್ತಿದೆಯೆಂದು ಕೇಳಬೇಕು.

ಇದನ್ನು ನಾವು ಕಲಿತುದು ಪುಸ್ತಕದಿಂದಲ್ಲ, ನಮ್ಮ ತಪ್ಪಿನಿಂದ. ಏಳು ವರ್ಷಗಳ ಹಿಂದಿನ ಮಾತು. ಗ್ರಂಥಭಂಡಾರದ ಪುಸ್ತಕಗಳನ್ನು ಎಣಿಸಿದಾಗ 11 ಪುಸ್ತಕಗಳು ಕಾಣಲಿಲ್ಲ. ಬೀಗದ ಕೈ ಇದ್ದುದು ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಬಳಿ. ಕೇಳಿದೆವು. “ನಾನೇ ತೆಗೆದದ್ದು ಮಾಷ್ಟ್ರೆ” ಎಂದನು. ಎಲ್ಲಿವೆ ಎಂದರೆ ಮಾತಿಲ್ಲ. ಬೆಳಗಿನ ಪ್ರಾರ್ಥನಾಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ, ಬೀಗದ ಕೈಯನ್ನು ಹಿಂದೆ ಪಡೆದು, ದಂಡ ವಿಧಿಸಿದೆವು. ಅವನು ತಲೆ ತಗ್ಗಿಸಲಿಲ್ಲವೆಂದು ನಮಗೆ ಇನ್ನಷ್ಟು ಕೋಪ ಬಂದಿತ್ತು.

ಎರಡು ತಿಂಗಳ ಮೇಲೆ ಒಂದು ಸಂಜೆ, ತಾಯಿಯ ಕಾಯಿಲೆಯಿಂದ ಓದು ನಿಲ್ಲಿಸಿ ಬೀಡಿ ಕಟ್ಟಲು ಕುಳಿತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಬಟ್ಟೆಯಲ್ಲಿ ಸುತ್ತಿದ ಆ 11 ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು. ಒಂದು ಹಾಳೆಯೂ ಮಡಚಿರಲಿಲ್ಲ. ತನ್ನ ಮನೆಯ ಸ್ಥಿತಿ ಯಾರಿಗೂ ತಿಳಿಯಬಾರದೆಂದು ತಾನೇ ಅವನಿಂದ ಮಾತು ಪಡೆದಿದ್ದಳಂತೆ. ದಂಡದ ಸುದ್ದಿ ಅವಳಿಗೆ ತಡವಾಗಿ ತಿಳಿಯಿತು.

ಹುಡುಗನನ್ನು ಕರೆಸಿ, “ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ?” ಎಂದೆವು. ಅವನು ಮೆಲ್ಲಗೆ, “ಕೇಳಿದ್ದರೆ ಕೊಡುತ್ತಿದ್ದಿರಾ ಮಾಷ್ಟ್ರೆ?” ಎಂದನು.

ಸಭಿಕರೇ, ನಾವು ಕೊಡುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಪುಸ್ತಕವಿಲ್ಲವೆಂಬ ನಿಯಮವನ್ನು ಬರೆದವರು ನಾವೇ. ಪುಸ್ತಕ ಕಳೆಯದಿರಲೆಂದು ಮಾಡಿದ ನಿಯಮವದು. ಪುಸ್ತಕದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವಳನ್ನೇ ಅದು ಹೊರಗಿರಿಸಿತ್ತು. ಜಾವೇರನನ್ನು ಓದಿ ಅನೇಕ ಸಲ ಮರುಗಿದ್ದೆವು. ಅವನ ಕುರ್ಚಿಯಲ್ಲಿ ನಾವೇ ಕುಳಿತಿರುವುದು ಅಂದಿನವರೆಗೆ ಕಾಣಲಿಲ್ಲ. ಮರುದಿನ ಅದೇ ಪ್ರಾರ್ಥನಾಸಭೆಯಲ್ಲಿ, ಕಾರಣವನ್ನು ಬಯಲು ಮಾಡದೆ, ನಮ್ಮಿಂದ ತಪ್ಪಾಯಿತೆಂದು ಹೇಳಿ ಬೀಗದ ಕೈಯನ್ನು ಅವನಿಗೆ ಮರಳಿಸಿದೆವು. ವಿದ್ಯಾಸಂಘದ ಕಾರ್ಯಕಾರಿ ಸಮಿತಿ ನಮ್ಮ ಬಿನ್ನಹವನ್ನು ಮನ್ನಿಸಿ ನಿಯಮವನ್ನು ತಿದ್ದಿತು. ಓದು ನಿಲ್ಲಿಸಿದ ಮಕ್ಕಳಿಗೂ ಈಗ ಪುಸ್ತಕ ದೊರೆಯುತ್ತದೆ. ಅದಕ್ಕಾಗಿ ಬೇರೆಯೇ ಒಂದು ದಾಖಲೆ ಪುಸ್ತಕವಿದೆ. ಅದರ ಮೊದಲ ಸಾಲಿನಲ್ಲಿರುವ ಹೆಸರು ಆ ಹುಡುಗಿಯದು. ಅವಳು ಮರಳಿ ಶಾಲೆಗೆ ಸೇರಲಾಗಲಿಲ್ಲ. ಆ ಕೊರಗು ನಮ್ಮಲ್ಲಿ ಉಳಿದಿದೆ.

ವಿದ್ಯಾರ್ಥಿಗಳೇ, ನಿಯಮವನ್ನು ಮೀರಲು ಕೈ ನೀಡುವ ಮೊದಲು ಅದರ ಫಲ ಯಾರಿಗೆ, ಬೆಲೆ ತೆರುವವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಫಲ ನಿಮಗೂ ಬೆಲೆ ಇತರರಿಗೂ ಆದರೆ ಅದು ಬರಿಯ ತಪ್ಪು. ಗೋಡೆ ಹಾರಿ ಸಿನಿಮಾಕ್ಕೆ ಹೋಗುವವರು ಅಂತಿಗೊನೆಯ ಹೆಸರನ್ನು ಎತ್ತತಕ್ಕದ್ದಲ್ಲ. ಹಿರಿಯರೇ, ನಿಯಮವನ್ನು ಮಾಡುವ ನಮಗೂ ಒಂದು ಕರ್ತವ್ಯವಿದೆ. ವಾಲಿಯ ಪ್ರಶ್ನೆಗೆ ರಾಮನಿಗೆ ಉತ್ತರಿಸಲು ಎಡೆಯಿದೆ. ನಮ್ಮ ಮುಂದೆ ನಿಂತ ಮಗುವಿಗೂ ಅಷ್ಟು ಎಡೆಯಿರಲಿ. ದಂಡವನ್ನು ಬರೆಯುವುದಕ್ಕೆ ಮುನ್ನ, ಏಕೆ ಎಂದು ಒಮ್ಮೆ ಕೇಳೋಣ. ಉತ್ತರ ಬಾರದಿದ್ದರೆ ಒಂದು ದಿನ ಕಾಯೋಣ.