ಪಲ್ಲವಿಗೂ ಮೊದಲಿನ ಚಪ್ಪಾಳೆ



ರಾಜನ್–ನಾಗೇಂದ್ರ ಜೋಡಿಯ ಸಂಗೀತವನ್ನು ಕುರಿತ ಈ ವಿಚಾರ ಸಂಕಿರಣ ಅವರ ಊರಾದ ಮೈಸೂರಿನಲ್ಲಿ ನಡೆಯದೆ ಇಲ್ಲಿ, ಕುಡುಮಲಕುಂಟೆಯಲ್ಲಿ, ನಡೆಯುತ್ತಿರುವುದು ನನಗೆ ಬಹಳ ಸರಿಯೆನಿಸಿದೆ. ಇಲ್ಲಿಂದ ಗಡಿಯಾಚೆಯ ಹಿಂದೂಪುರ ಹತ್ತಿರ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಈ ಜೋಡಿ ಸಂಗೀತ ನೀಡಿದ ಕನ್ನಡದ ‘ಎರಡು ಕನಸು’ 1974ರಲ್ಲಿ ತೆರೆಕಂಡಿತು. ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ ಅದರ ಯುಗಳಗೀತೆಯ ಧಾಟಿ ಮರುವರ್ಷವೇ ತೆಲುಗಿನ ‘ಪೂಜ’ ಚಿತ್ರಕ್ಕೆ ಹೋಯಿತು. ಅಲ್ಲಿ ವಾಣಿಯವರ ಜೊತೆ ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಸಾಹಿತ್ಯ ಬದಲಾಯಿತು, ಒಂದು ದನಿ ಬದಲಾಯಿತು, ಜನ ಎರಡನ್ನೂ ಎದೆಗಪ್ಪಿಕೊಂಡರು. ಹಾಗಾದರೆ ಜನ ಮೆಚ್ಚಿದ್ದು ಏನನ್ನು? ಈ ಪ್ರಶ್ನೆ ಕೇಳಲು ಗಡಿಸೀಮೆಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಗಣೇಶನ ಹಬ್ಬದಲ್ಲೋ ರಾಜ್ಯೋತ್ಸವದಲ್ಲೋ ನಮ್ಮ ಊರುಗಳಲ್ಲಿ ನಡೆಯುವ ರಸಮಂಜರಿಯನ್ನು ನೆನೆಯಿರಿ. ಹಾಡುವವರು ಮೈಕು ಹಿಡಿದು ನಿಂತಿರುತ್ತಾರೆ, ಇನ್ನೂ ಬಾಯಿ ತೆರೆದಿರುವುದಿಲ್ಲ. ಕೀಬೋರ್ಡಿನವರು ಶುರುವಿನ ಬಿಟ್ ನುಡಿಸುತ್ತಿದ್ದಂತೆಯೇ ಶಿಳ್ಳೆ, ಚಪ್ಪಾಳೆ. ಆ ಚಪ್ಪಾಳೆ ಗಾಯಕರದಲ್ಲ, ಕವಿಯದಲ್ಲ, ತೆರೆಯ ಮೇಲಿನ ನಾಯಕರದೂ ಅಲ್ಲ. ಅದು ಪೂರ್ತಿಯಾಗಿ ಸಂಯೋಜಕರದು. ರಾಗದ ಹೆಸರು ಗೊತ್ತಿಲ್ಲದ ಕೇಳುಗ ನಾಲ್ಕು ಸ್ವರಗಳಲ್ಲಿ ಇಡೀ ಹಾಡನ್ನು ಗುರುತಿಸುತ್ತಾನೆ. ಇದು ಬರಿಯ ಅಭಿಮಾನವಲ್ಲ, ಜ್ಞಾನ. ಅದಕ್ಕೆ ತಕ್ಕ ಮಾತನ್ನು ಮಾತ್ರ ನಮ್ಮ ವಿಮರ್ಶೆ ಇನ್ನೂ ಕಟ್ಟಿಕೊಟ್ಟಿಲ್ಲ. ಚಿತ್ರಗೀತೆಯ ಸಾಹಿತ್ಯದ ಬಗ್ಗೆ, ಗಾಯನದ ಬಗ್ಗೆ ಬರೆದಷ್ಟು ವಾದ್ಯಮೇಳದ ಬಗ್ಗೆ ನಾವು ಬರೆದಿಲ್ಲ.

ರಾಜನ್ ಪಿಟೀಲು ಕಲಿತವರು, ತಮ್ಮ ನಾಗೇಂದ್ರ ಜಲತರಂಗ ಬಲ್ಲವರು. 1950ರ ದಶಕದ ಆರಂಭದಲ್ಲಿ ‘ಸೌಭಾಗ್ಯಲಕ್ಷ್ಮಿ’ಯಿಂದ ಹೊರಟ ಈ ಅಣ್ಣತಮ್ಮಂದಿರು ‘ಗಂಧದ ಗುಡಿ’, ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’, ‘ಹೊಂಬಿಸಿಲು’ ಎಂದು ಕನ್ನಡದ ಕಿವಿಯನ್ನು ತಿದ್ದುತ್ತಾ ಹೋದರು. ಆಗ ವಾದ್ಯದವರೂ ಗಾಯಕರೂ ಒಟ್ಟಿಗೆ ನುಡಿಸಿ, ಹಾಡಿ ಧ್ವನಿಮುದ್ರಣ ಮಾಡುತ್ತಿದ್ದ ಕಾಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಚರಣಕ್ಕೂ ಚರಣಕ್ಕೂ ನಡುವೆ ಪಿಟೀಲುಗಳ ಸಾಲು ಏರಿ ಕೊಳಲಿಗೆ ದಾರಿ ಬಿಡುವ ಆ ಹಗುರತನದ ಹಿಂದೆ ಅಂಥ ಶಿಸ್ತಿದೆ. ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ನಮ್ಮನ್ನು ಅಗಲಿದರು. ಅವರನ್ನು ಕೇಳಿ ತಿಳಿಯುವ ಅವಕಾಶ ಮುಗಿಯಿತು. ಅವರ ಜೊತೆ ನುಡಿಸಿದವರನ್ನು, ಅವರ ಹಾಡು ಕೇಳುತ್ತ ಬೆಳೆದವರನ್ನು ಕೇಳುವ ಅವಕಾಶ ಇನ್ನೂ ಉಳಿದಿದೆ.

ಈ ಸಂಕಿರಣದಿಂದ ನಾನು ಮೂರು ಕೆಲಸ ಬಯಸುತ್ತೇನೆ. ಮೊದಲನೆಯದು, ಹಾಡುಗಳೊಳಗಿನ ವಾದ್ಯಭಾಗಗಳನ್ನು ಸ್ವರಲಿಪಿಯಲ್ಲಿ ಬರೆದಿಡುವುದು. ಎರಡನೆಯದು, ಹೆಸರೇ ಇಲ್ಲದೆ ಉಳಿದ ವಾದ್ಯಗಾರರ ಹೆಸರುಗಳನ್ನು ಹುಡುಕುವುದು. ಸಂಯೋಜಕರ ಕಲ್ಪನೆ ಕಿವಿಗೆ ಮುಟ್ಟಿದ್ದು ಈ ವಾದ್ಯಗಾರರ ಬೆರಳು, ಉಸಿರುಗಳಿಂದ. ಮೂರನೆಯದು, ಕೇಳುಗರನ್ನೇ ಆಕರವಾಗಿ ಒಪ್ಪಿಕೊಳ್ಳುವುದು. ಆಕಾಶವಾಣಿಗೆ ಕೋರಿಕೆ ಬರೆದು ರೇಡಿಯೋ ಮುಂದೆ ಕಾದು ಕುಳಿತವರು, ರಸಮಂಜರಿ ತಂಡಗಳಲ್ಲಿ ಕೇಳಿ ಕೇಳಿಯೇ ಆ ಬಿಟ್‌ಗಳನ್ನು ಕಲಿತವರು, ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಮೊಬೈಲಿನಲ್ಲಿ ಹಳೆಯ ಹಾಡು ಹಚ್ಚುವವರು, ಇವರ ಮಾತುಗಳನ್ನು ಈಗಲೇ ದಾಖಲಿಸಬೇಕು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಒಂದು ತಲೆಮಾರಿಗೇ ಕಲಿಸಿದರು. ನಮ್ಮ ಪ್ರೀತಿಯನ್ನೂ ಹಾಗೆಯೇ ಪ್ರಶ್ನಿಸೋಣ: ಈ ಧಾಟಿ ಏಕೆ ಹಿಡಿಸಿತು, ಯಾವ ಸ್ವರದಲ್ಲಿ, ಯಾವ ವಾದ್ಯದಲ್ಲಿ? ಕಾರಣ ತಿಳಿದ ಮೆಚ್ಚುಗೆ ಮುಂದಿನವರಿಗೆ ದಾಟುತ್ತದೆ. ಬರಿಯ ಹೊಗಳಿಕೆ ನಮ್ಮೊಡನೆಯೇ ಮುಗಿಯುತ್ತದೆ. ಗೋಷ್ಠಿಗಳು ಈ ಕೆಲಸಕ್ಕೆ ಭದ್ರವಾದ ತಳಹದಿ ಹಾಕಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.