ಕಾಪಾಡುವವರಿಗೂ ಕಾವಲು ಬೇಕು
(ಮಧುಗಿರಿಯ ಸಭೆಯಲ್ಲಿ ಮಾಡಿದ ಭಾಷಣ)



ತಿರುಗುವ ಯಂತ್ರಕ್ಕೆ ಬೇಲಿ ಹಾಕಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಆ ಬೇಲಿ ಯಾರ ದಯೆಯಿಂದಲೂ ಬಂದದ್ದಲ್ಲ. ಕೈಬೆರಳು ಕಳೆದುಕೊಂಡ ಕಾರ್ಮಿಕರ ಕೂಗಿನಿಂದ ಬಂದದ್ದು. ಈಗ ನಾವು ಕೇಳುವುದಿಷ್ಟೆ: ಓಡುವ ಆಂಬುಲೆನ್ಸಿನೊಳಗೆ ದುಡಿಯುವವರಿಗೆ ಯಾವ ಬೇಲಿಯಿದೆ?

108ರ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಆರಂಭವಾಯಿತು. ಪಾವಗಡದ ರೋಗಿಯನ್ನು ಮಧುಗಿರಿ, ಕೊರಟಗೆರೆ ದಾಟಿಸಿ ತುಮಕೂರಿಗೆ ಮುಟ್ಟಿಸಬೇಕು. ಶಿರಾದ ಗಾಡಿ ಹೆದ್ದಾರಿಯ ಲಾರಿಗಳ ನಡುವೆ ನುಗ್ಗಬೇಕು. ಮುಂದೆ ಕುಳಿತ ಚಾಲಕನಿಗೆ ಬೆಲ್ಟಿದೆ. ಹಿಂದಿರುವ ಶುಶ್ರೂಷಕರು ಎದ್ದುನಿಂತು ರೋಗಿಯ ಎದೆ ಒತ್ತಬೇಕು, ಡ್ರಿಪ್ ಹಿಡಿಯಬೇಕು. ಬ್ರೇಕು ಬಿದ್ದರೆ ಗಾಡಿ ನಿಲ್ಲುತ್ತದೆ, ನಿಂತ ಮೈ ನಿಲ್ಲುವುದಿಲ್ಲ. ಬಿಗಿಯದ ಆಮ್ಲಜನಕದ ಸಿಲಿಂಡರು ಫಿರಂಗಿ ಗುಂಡಾಗುತ್ತದೆ.

2022ರ ಜುಲೈ 20ರಂದು ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ, ಹೊನ್ನಾವರದಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸು ಒದ್ದೆ ರಸ್ತೆಯಲ್ಲಿ ಜಾರಿ ಮಗುಚಿತು. ನಾಲ್ವರು ಸತ್ತರು.

ಲೆಕ್ಕ ಹಾಕಿ ನೋಡೋಣ. 40 ಕಿಲೋಮೀಟರು ದಾರಿಯನ್ನು 60ರ ವೇಗದಲ್ಲಿ ಹೋದರೆ 40 ನಿಮಿಷ, 80ರಲ್ಲಿ 30 ನಿಮಿಷ. ಉಳಿದದ್ದು ಹತ್ತು ನಿಮಿಷ. ಆದರೆ ಅಪ್ಪಳಿಸುವ ಬಲ ಒಂದೂಮುಕ್ಕಾಲು ಪಟ್ಟು ಮೀರುತ್ತದೆ. ಗಾಡಿ ಮಗುಚಿದರೆ ರೋಗಿಗೆ ಉಳಿಯುವುದೇನು? “ಇನ್ನೂ ಜೋರಾಗಿ ಬಿಡಪ್ಪಾ” ಎಂದು ಚಾಲಕನನ್ನು ಅವಸರಪಡಿಸುವ ನೆಂಟರು ಇದನ್ನು ನೆನೆಯಬೇಕು.

ಆಂಬುಲೆನ್ಸುಗಳಿಗೆಂದೇ ಎ.ಐ.ಎಸ್. 125 ಎಂಬ ಮಾನದಂಡ ದೇಶದಲ್ಲಿದೆ. ಕಾಗದದಲ್ಲಿರುವುದು ಗಾಡಿಯಲ್ಲಿಯೂ ಇರಲಿ ಎಂಬುದೇ ನಮ್ಮ ಒತ್ತಾಯ. ಹಿಂದಿನ ಪ್ರತಿ ಆಸನಕ್ಕೂ ಬೆಲ್ಟಿರಲಿ. ಕುಳಿತಲ್ಲಿಂದಲೇ ರೋಗಿಗೆ ಕೈ ಎಟುಕಲಿ. ಸಿಲಿಂಡರು, ಸ್ಟ್ರೆಚರುಗಳನ್ನು ಬಿಗಿದು ಕಟ್ಟಲಿ. ಬಸ್ಸು, ಲಾರಿ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ದುಡಿಮೆಯೆಂದು 1961ರ ಕಾಯ್ದೆ ಹೇಳಿತ್ತು. ಆಂಬುಲೆನ್ಸಿನವರೇನು ಕಬ್ಬಿಣದ ಮನುಷ್ಯರೇ? ನಿದ್ದೆಗೆಟ್ಟ ಕಣ್ಣಿಗೆ ಸ್ಟಿಯರಿಂಗು ಒಪ್ಪಿಸುವುದು ಬೇಡ. ಗಾಯಗೊಂಡವರಿಗೆ ಪರಿಹಾರವೂ, ಗುಣವಾಗುವವರೆಗೆ ಸಂಬಳವೂ ಸಿಗಲಿ.

ವರ್ತಕ ಬಂಧುಗಳಲ್ಲಿಯೂ ಒಂದು ವಿನಂತಿ. ಪೇಟೆ ಬೀದಿಗೆ ಅಡ್ಡಲಾಗಿ ಲಾರಿ ನಿಲ್ಲಿಸಿ ಮೂಟೆ ಇಳಿಸಬೇಡಿ. ಆಂಬುಲೆನ್ಸಿಗೆ ದಾರಿ ಬಿಡದ ವಾಹನಕ್ಕೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡವಿದೆ. ದಂಡದ ಮಾತು ಹಾಗಿರಲಿ, ಅದರೊಳಗಿರುವವರು ನಮ್ಮ ಮನೆಯವರೇ ಆಗಿರಬಹುದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಈ ಬೇಡಿಕೆಗಳಿಗೆ ಸಹಿ ಸಂಗ್ರಹಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮುಟ್ಟಿಸೋಣ. ಮೊದಲ ಸಹಿಗಳು ಈ ಸಭೆಯವೇ ಆಗಲಿ.