ಕಿಟಕಿ ಸೀಟು, ಯಾವ ಕಡೆ?

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ಐದು ನಿಮಿಷ ಏನಾದರೂ ಉಪಯೋಗದ ಮಾತಾಡಿ ಎಂದು ವೇದಿಕೆಯವರು ಹೇಳಿದರು. ಅಡುಗೆ, ಆರೋಗ್ಯ ಎಲ್ಲ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದೀರಿ. ಹಾಗಾಗಿ ವಿಮಾನದಲ್ಲಿ ಯಾವ ಕಡೆಯ ಕಿಟಕಿ ಹಿಡಿಯಬೇಕು ಎಂಬುದನ್ನು ಹೇಳುತ್ತೇನೆ. ನಗಬೇಡಿ, ಇದರಲ್ಲಿ ನಾನು ತಪ್ಪು ಮಾಡಿಯೇ ಕಲಿತವಳು.

ನಾವೆಲ್ಲ ವರ್ಷಕ್ಕೆ ಒಂದು ಸಲವಾದರೂ ಬೆಂಗಳೂರಿಗೆ ಹಾರುವವರು. ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಅಹಮದಾಬಾದಿನಿಂದ ಬೆಂಗಳೂರಿಗೆ ಗೆರೆ ಎಳೆಯಿರಿ. ಅದು ವಡೋದರದ ಪಕ್ಕದಲ್ಲೇ ಹಾದು, ಉಕಾಯಿ ಅಣೆಕಟ್ಟಿನ ಹತ್ತಿರ ತಾಪಿಯನ್ನು ದಾಟುತ್ತದೆ. ಎಡಗಡೆ ಎ ಸೀಟಿನವರಿಗೆ ಸರ್ದಾರ್ ಸರೋವರ, ಉಕಾಯಿಯ ನೀರು. ಬಲಗಡೆ ಎಫ್ ಸೀಟಿನವರಿಗೆ ಖಂಭಾತ್ ಕೊಲ್ಲಿ. ಅಲ್ಲಿ ಸಮುದ್ರ ನೀಲಿಯಲ್ಲ, ಹಾಲು ಹಾಕಿದ ಚಹಾದ ಬಣ್ಣ. ದೊಡ್ಡ ಉಬ್ಬರದ ದಿನ ನೀರು 10 ಮೀಟರ್‌ನಷ್ಟು ಏರಿಳಿದು ಕೆಸರೆಲ್ಲ ಕದಡುತ್ತದೆ. ಮಹಾರಾಷ್ಟ್ರ ದಾಟಿ ನಮ್ಮ ಸೀಮೆಗೆ ಬಂದರೆ ಬಲಗಡೆಯೇ ಆಲಮಟ್ಟಿ, ಇನ್ನಷ್ಟು ದಕ್ಷಿಣಕ್ಕೆ ತುಂಗಭದ್ರಾ ಜಲಾಶಯ. ಸೂರತ್‌ನಿಂದ ಹೊರಟವರಿಗೆ ಆಲಮಟ್ಟಿ ಹೆಚ್ಚುಕಡಿಮೆ ಕಾಲಡಿಗೇ ಬರುತ್ತದೆ, ಅದೃಷ್ಟ ನೋಡಿಕೊಳ್ಳಬೇಕು. ಪೈಲಟ್ ಗೆರೆ ಹಿಡಿದೇ ಹೋಗುತ್ತಾನೆಂದೇನಿಲ್ಲ, ಮೋಡವೂ ನಮ್ಮ ಮಾತು ಕೇಳುವುದಿಲ್ಲ. ಬೆಳಗಿನ ವಿಮಾನದಲ್ಲಿ ಬಿಸಿಲು ಎಡಕ್ಕೆ ಹೊಡೆಯುತ್ತದೆ, ಬಲಗಡೆ ನೋಟ ತಿಳಿ. ನಡುವಿನ ಸಾಲು ಬೇಡ, ರೆಕ್ಕೆ ಬಿಟ್ಟು ಬೇರೇನೂ ಕಾಣದು.

ನನ್ನ ತವರು ಬಾಗಲಕೋಟೆ ಕಡೆಯ ಒಂದು ಸಣ್ಣ ಹಳ್ಳಿ. ಈಗ ಅದು ಆಲಮಟ್ಟಿಯ ಹಿನ್ನೀರಿನಡಿ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಅವ್ವ ಇನ್ನೂ ಲಂಗ ಉಡುವ ಹುಡುಗಿ. ಆಮೇಲೆ ಮದುವೆ, ಮಕ್ಕಳು ಎಲ್ಲ ಆಗುವವರೆಗೂ "ನೀರು ಬರ್ತದ, ನೀರು ಬರ್ತದ" ಎನ್ನುವ ಮಾತೇ. ಕೊನೆಗೆ ಬಂತು. ಬಾಗಲಕೋಟೆಯ ಹಳೇ ಊರಿನ ಭಾಗವೂ ಹೋಗಿ ನವನಗರ ಎದ್ದಿತು. ಅವ್ವ ಮನೆಯ ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಊರು ಬಿಟ್ಟಳು.

ಹೋದ ವರ್ಷ ಗರಬಾ ನೋಡಲೆಂದು ಅವಳನ್ನು ಇಲ್ಲಿಗೆ ಕರೆತಂದೆ. ಮೊದಲ ವಿಮಾನ. "ಮ್ಯಾಲಿಂದ ನಮ್ಮೂರು ಕಾಣ್ತದೇನು?" ಎಂದಳು. "ನೀರಂತೂ ಕಾಣ್ತದವ್ವಾ" ಎಂದೆ. ಎಫ್ ಒಳ್ಳೆಯದು ಎಂದು ತಲೆಯಲ್ಲಿ ಕೂತಿತ್ತು, ಹೆಚ್ಚಿಗೆ ದುಡ್ಡು ಕೊಟ್ಟು ಬರಲಿಕ್ಕೂ ಹೋಗಲಿಕ್ಕೂ ಎಫ್ ಹಿಡಿದೆ.

ಬೆಂಗಳೂರು ಬಿಟ್ಟಾಗಿನಿಂದ ಅವ್ವ ಗಾಜಿಗೆ ಹಣೆ ಹಚ್ಚಿ ಕೂತಳು. "ಬರೇ ಹೊಲ ಅದಾವ. ಹೊಳಿ ಎಲ್ಲೈತಿ?" ಆಗ ಆಚೆ ಸಾಲಿನ ಹುಡುಗನೊಬ್ಬ ಎಡಗಡೆಯ ಕಿಟಕಿಯಲ್ಲಿ ಫೋಟೊ ತೆಗೆಯುತ್ತಿದ್ದ. ಅವನ ಭುಜದ ಮೇಲಿಂದ ನೋಡಿದರೆ ಬೆಳ್ಳಿಯಂಥ ನೀರು. ವಿಮಾನದ ಮುಖ ಉತ್ತರಕ್ಕೆ ತಿರುಗಿದ ಮೇಲೆ ಪಶ್ಚಿಮ ಎಡಕ್ಕೆ ಬರುತ್ತದಲ್ಲ! ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ವಿಷಯ. ನಾನು ಬೆಲ್ಟ್ ಬಿಚ್ಚಿ ಅವ್ವನನ್ನು ಎಬ್ಬಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಬಹಳ ಹೊತ್ತಿನ ಮೇಲೆ ನಮ್ಮ ಕಡೆ ನೀರು ಕಂಡಿತು. "ಬಂತು!" ಎಂದಳು. "ಅಲ್ಲವ್ವಾ, ಇದು ಉಕಾಯಿ. ತಾಪಿ ಹೊಳಿ." ಸುಮ್ಮನೆ ನೋಡಿ ಕೇಳಿದಳು: "ಇಲ್ಲಿ ಯಾರ ಊರು ಮುಳುಗ್ಯಾವು?"

ಗುಜರಾತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಹಮದಾಬಾದಿನಲ್ಲಿ ಕೂತು ನರ್ಮದೆಯ ನೀರು ಕುಡಿಯುತ್ತೇನೆ, ಬಂದ ನೆಂಟರಿಗೆಲ್ಲ ಸರ್ದಾರ್ ಸರೋವರ ತೋರಿಸಿದ್ದೇನೆ. ಮುಳುಗಿದ ಊರಿನ ಮಗಳಾಗಿಯೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ.

ದಸರಾ ಮುಗಿದ ಮೇಲೆ ಬೆಳಗಿನ ವಿಮಾನಕ್ಕೆ ವಾಪಸು ಹೊರಟೆವು. ಅದೇ ಎಫ್, ಈ ಸಲ ಸರಿಯಾದ ಕಡೆ. ಆಲಮಟ್ಟಿ ತುಂಬಿ ನಿಂತಿತ್ತು. ಅವ್ವ ಅಳಲಿಲ್ಲ. ಗಾಜಿನ ಮೇಲೆ ಬೆರಳು ಆಡಿಸಿದಳು: "ಇಲ್ಲಿ ಹೊಳಿ ತಿರುಗ್ತಿತ್ತು. ಇಲ್ಲಿ ಹನಮಪ್ಪನ ಗುಡಿ. ಇಲ್ಲಿ ನಮ್ಮ ಕಣ." ಅಷ್ಟು ಎತ್ತರದಿಂದ ಅದೆಲ್ಲ ಗುರುತು ಹಿಡಿಯಲು ಆಗುವುದಿಲ್ಲ. ನಾನು ಬಾಯಿ ಬಿಡಲಿಲ್ಲ. ನಡುವಿನ ಸೀಟಿನಲ್ಲಿ ಒಬ್ಬ ಗುಜರಾತಿ ಹುಡುಗಿ ಇದ್ದಳು. ಅವಳ ಮೊಣಕೈ ಹಿಡಿದು ಅವ್ವ, "ನೋಡವಾ, ನಮ್ಮೂರು" ಎಂದಳು. ಪಾಪ, ಏನೂ ತಿಳಿಯದಿದ್ದರೂ ಆ ಮಗು ಬಗ್ಗಿ ನೋಡಿತು.

ಸಂಕ್ರಾಂತಿಗೆ ಗಾಳಿಪಟ ನೋಡಲು ಅವ್ವ ಮತ್ತೆ ಬರುತ್ತಾಳೆ. ಬರುವಾಗ ಎ, ಹೋಗುವಾಗ ಎಫ್ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ನೀವೂ ಬರೆದುಕೊಳ್ಳಿ.